ತ್ರಿವಿಕ್ರಮ ನಮ್ಮ ಓಣಿಯಲ್ಲೇ ನಡೆಯುತ್ತಿದ್ದ

ನಮ್ಮ ಕಾಲಕ್ಕೆ ಶಾಲೆಯ ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಎರಡು ಕಬ್ಬಿಣದ ಕಪಾಟು. ಒಂದಕ್ಕೆ ಕೀಲಿ ಇತ್ತು. ಇನ್ನೊಂದರ ಕೀಲಿ ಯಾವ ಕಾಲಕ್ಕೆ ಕಳೆದಿತ್ತೋ ಏನೋ, ಬಾಗಿಲು ತೆರೆದುಕೊಳ್ಳಬಾರದೆಂದು ಸುತಳಿ ಕಟ್ಟಿದ್ದರು. ಒಳ್ಳೆಯ ಪುಸ್ತಕವೆಲ್ಲ ಸುತಳಿ ಕಪಾಟಿನಲ್ಲೇ ಇವೆ ಅನ್ನುವುದು ನಮ್ಮ ಬ್ಯಾಚಿನ ಗಟ್ಟಿ ನಂಬಿಕೆ. ಅದು ಸುಳ್ಳೂ ಆಗಿರಲಿಲ್ಲ. ಕೀಲಿ ಹಾಕಿದ್ದರಲ್ಲಿ ಸುತ್ತೋಲೆಗಳು, ಹಳೆಯ ಹಾಜರಿ ಪುಸ್ತಕ, ಗ್ಯಾದರಿಂಗ್ ನಾಟಕದ ಕಿರೀಟ, ಗದೆ ಇರುತ್ತಿದ್ದವು.

ವಾರ್ಷಿಕ ಸಂಚಿಕೆಗೆ ನೆನಪು ಬರೆದುಕೊಡಿ ಅಂದಾಗ ಉಳಿದವರು ಖೋಖೋ, ಪ್ರವಾಸ, ಮಾಸ್ತರರ ಛಡಿ ಏಟು ಅಂತ ಬರೆಯುತ್ತಾರೆ ಅನ್ನಿಸಿತು. ಆಟದಲ್ಲಿ ನನ್ನನ್ನು ಯಾವ ಟೀಮೂ ಕರೆಯುತ್ತಿರಲಿಲ್ಲ. ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಪುಸ್ತಕ.

ನಾನು ಹೇಳುತ್ತಿರುವುದು 1980ರ ದಶಕದ ಕೊನೆಯ ಮಾತು. ಆಗ ಬಾಗಲಕೋಟೆ ಇನ್ನೂ ಜಿಲ್ಲೆಯಾಗಿರಲಿಲ್ಲ, ಅದಾಗಿದ್ದು 1997ರಲ್ಲಿ. ಪುಸ್ತಕದ ಮೊದಲ ಪುಟದ ನೇರಳೆ ಶಿಕ್ಕೆಯಲ್ಲಿ ‘ಬಾಗಲಕೋಟ, ಜಿ. ವಿಜಾಪೂರ’ ಅಂತ ಇರುತ್ತಿತ್ತು. ಎಲ್ಲ ಪುಸ್ತಕಕ್ಕೂ ಒಂದೇ ಥರದ ಕಂದು ಬೈಂಡು. ಬೈಂಡ್ ಮಾಡುವವನು ಧಾರಾಳ ಮನುಷ್ಯ. ಅಂಚು ಸಮ ಮಾಡಲು ಹೋಗಿ ಪುಟದ ನಂಬರ್ ಅರ್ಧ ಕತ್ತರಿಸಿ ಹಾಕಿದ್ದ. ಹೊಲಿಗೆಯನ್ನು ಅಕ್ಷರದ ಮೇಲೇ ಹಾಕಿದ್ದ. ಎಡಗಡೆಯ ಪುಟ ಓದುವಾಗ ಪ್ರತಿ ಸಾಲಿನ ಕೊನೆಯ ಅಕ್ಷರ ದಾರದೊಳಗೆ ಸಿಕ್ಕಿಕೊಂಡಿರುತ್ತಿತ್ತು. ‘ರಾಜಕುಮಾ’ ಅಂತ ಓದಿ, ‘ರ’ ಅನ್ನು ನಾವೇ ಹಾಕಿಕೊಳ್ಳಬೇಕು. ಬೆರಳಿನಿಂದ ಬಿಡಿಸಿ ನೋಡಿದರೆ ಕನ್ನಡ ಮಾಸ್ತರರ ದನಿ ಬರುತ್ತಿತ್ತು: ‘ಏ ತಮ್ಮಾ, ಹಾಳಿ ಹರದೀತು, ಹಗರಕ ತೆಗಿ.’

ಪೆನ್ಸಿಲ್ ಬರಹದ್ದೇ ಒಂದು ಕತೆ. ಮೂರನೇ ಪುಟದಲ್ಲಿ ‘ಕಳ್ಳ ಯಾರು ಗೊತ್ತಾಗಬೇಕಾದರೆ 41 ನೋಡು’. 41ರಲ್ಲಿ ‘17 ನೋಡು’. 17ರಲ್ಲಿ ‘60 ನೋಡು’. 60ರಲ್ಲಿ ‘ನೀನೇ, ಕತ್ತೆ’. ಇದಕ್ಕೆ ಬಲಿಯಾಗದವರು ನಮ್ಮ ವರ್ಗದಲ್ಲಿ ಇರಲಿಲ್ಲ. ಗೊತ್ತಿದ್ದೂ ಮತ್ತೆ ತಿರುವುತ್ತಿದ್ದೆವು.

ಶನಿವಾರ ಮುಂಜಾನೆ ಶಾಲೆಯ ಕೊನೆಯ ಪಿರಿಯಡ್ ಪುಸ್ತಕದ್ದು. ಕ್ಲಾಸ್ ಲೀಡರ್ ಎರಡು ಕೈಯಲ್ಲಿ ಅಪ್ಪಿಕೊಂಡು ತಂದು ರೋಲ್ ನಂಬರ್ ಪ್ರಕಾರ ಹಂಚುತ್ತಿದ್ದ. ಆರಿಸಿಕೊಳ್ಳುವ ಮಾತೇ ಇಲ್ಲ, ಬಂದದ್ದು ಪ್ರಸಾದ. ರಾಷ್ಟ್ರೋತ್ಥಾನದವರು ಪ್ರಕಟಿಸಿದ, ಮಹನೀಯರ ಜೀವನಕತೆಗಳ ಭಾರತ ಭಾರತಿ ಮಾಲೆಯ ಸಣ್ಣ ಪುಸ್ತಕ ಸಿಕ್ಕರೆ ಖುಷಿ. ಎಲ್.ಎಸ್. ಶೇಷಗಿರಿರಾವ್ ಸಂಪಾದಿಸಿದ ಮಾಲೆ ಅದು, 500ಕ್ಕೂ ಜಾಸ್ತಿ ಪುಸ್ತಕ. ಒಂದು ಪಿರಿಯಡ್‌ನಲ್ಲಿ ಓದಿ ಮುಗಿಯುತ್ತಿತ್ತು, ಪಕ್ಕದವನ ಜೊತೆ ಅದಲುಬದಲು ಮಾಡಲು ಅನುಕೂಲ. ನಿರಂಜನರು ಸಂಪಾದಿಸಿದ ಕಿರಿಯರ ವಿಶ್ವಕೋಶ ಜ್ಞಾನಗಂಗೋತ್ರಿಯ ದಪ್ಪ ಸಂಪುಟಗಳನ್ನು ಮಾತ್ರ ಕೈಗೆ ಕೊಡುತ್ತಿರಲಿಲ್ಲ. ಸ್ಟಾಫ್ ರೂಮಿನ ಟೇಬಲ್ ಮೇಲೆ ಇಟ್ಟು, ಕೈ ತೊಳೆದುಕೊಂಡು ಬಂದವರು ನಿಂತು ನೋಡಬೇಕು. ಇಂಥ ಕಟ್ಟುನಿಟ್ಟು ನನಗೆ ಆಗಲೂ ಸೇರುತ್ತಿರಲಿಲ್ಲ, ಈಗಲೂ ಸೇರುವುದಿಲ್ಲ. ಹಾಳಾದರೆ ಹಾಳಾಗಲಿ, ಪುಸ್ತಕ ಮಕ್ಕಳ ಕೈಯಲ್ಲಿ ಹಾಳಾಗಬೇಕು, ಅಲ್ವಾ?

ಸುತಳಿ ಕಪಾಟಿನ ದೊಡ್ಡ ಆಸ್ತಿ ಅಂದರೆ ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು. ರಾದುಗ, ಪ್ರಗತಿ ಪ್ರಕಾಶನದವು. ನವಕರ್ನಾಟಕ ಪ್ರಕಾಶನದವರ ಮೂಲಕ ನಮ್ಮ ಕಡೆಗೂ ಬರುತ್ತಿದ್ದವು. ಬೆಲೆ ಅಗ್ಗ, ಕಾಗದ ಮಾತ್ರ ನಮ್ಮ ಪಠ್ಯಪುಸ್ತಕ ಕನಸಲ್ಲೂ ಕಾಣದಂಥದ್ದು. ಬಣ್ಣದ ಚಿತ್ರಗಳು. ತುಂಬ ಹಿಮ. ಏಪ್ರಿಲ್ ಬಿಸಿಲಲ್ಲಿ, ಹಂಚಿನ ಮಾಡಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ, ತುಪ್ಪಳದ ಟೊಪ್ಪಿಗೆ ಹಾಕಿಕೊಂಡ ಹುಡುಗರು ಜಾರುಬಂಡಿ ಎಳೆಯುವುದನ್ನು ಓದುತ್ತಿದ್ದೆವು. ಸಮೋವಾರ್ ಅನ್ನುವ ಚಹಾ ಪಾತ್ರೆಯ ಚಿತ್ರ ನೋಡಿ, ಇದು ನಮ್ಮ ಬಚ್ಚಲ ಹಂಡೆಯ ಹಾಗೇ ಇದೆ, ರಷ್ಯಾದವರು ಇಷ್ಟು ಚಹಾ ಕುಡಿಯುತ್ತಾರಾ ಅಂತ ಬೆರಗಾಗಿದ್ದೆವು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಪತ್ರಿಕೆಯಲ್ಲಿ ಓದಿ ಪರೀಕ್ಷೆಗೆ ಬರೆದೆವು. ಆ ಪುಸ್ತಕಗಳು ಇನ್ನು ಬರುವುದಿಲ್ಲ ಅನ್ನುವುದು ಮಾತ್ರ ಆಗ ಯಾರ ತಲೆಗೂ ಹೊಳೆಯಲಿಲ್ಲ.

ಚಂದಮಾಮ ಶಾಲೆಯಲ್ಲಿ ಇರಲಿಲ್ಲ. ಅದನ್ನು ಓದಲು ಕಟಿಂಗ್ ಅಂಗಡಿಗೆ ಹೋಗಬೇಕು. ಕೂದಲು ಬೆಳೆದಿರಲಿ ಬಿಡಲಿ, ಬೆಂಚಿನ ತುದಿಯಲ್ಲಿ ಕೂತರೆ ಅಂಗಡಿಯವರು ಏನೂ ಅನ್ನುತ್ತಿರಲಿಲ್ಲ. ‘ಹಿಂದ ಸರಕೋ’ ಅನ್ನುತ್ತಿದ್ದರು, ಅಷ್ಟೆ. ಮೊದಲು ಬೇತಾಳನ ಕತೆ. ಬಲಗೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಹಠ ಬಿಡದ ತ್ರಿವಿಕ್ರಮ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳು. ಹೇಳಿದರೆ ಬೇತಾಳ ಮತ್ತೆ ಮರಕ್ಕೆ. ರಾಜ ಉತ್ತರ ಹೇಳುವ ಮೊದಲು ನಾವು ಪುಟಕ್ಕೆ ಕೈ ಅಡ್ಡ ಹಿಡಿದು ನಮ್ಮ ಉತ್ತರ ಹೇಳಬೇಕು. ಅಂಗಡಿಯ ಅಣ್ಣ ಕತ್ತರಿ ಆಡಿಸುತ್ತಲೇ ತನ್ನ ಉತ್ತರ ಹೇಳುತ್ತಿದ್ದ. ಅವನದ್ದೇ ಹೆಚ್ಚು ಸರಿ ಬರುತ್ತಿತ್ತು. ತಿಂಗಳ ಸಂಚಿಕೆ ಬಂದ ದಿನವೇ ಅವನು ಓದಿ ಮುಗಿಸಿರುತ್ತಿದ್ದ ಅನ್ನುವ ಗುಮಾನಿ ನನಗೆ ಈಚೆಗೆ ಬಂದಿದೆ.

ಆಮೇಲೆ ಕಾಲೇಜು, ಬ್ಯಾಂಕಿನ ನೌಕರಿ, ವರ್ಗಾವಣೆ. ಚಂದಮಾಮವೂ 2013ರ ಹೊತ್ತಿಗೆ ನಿಂತಿತು. ನಿಂತದ್ದು ನನಗೆ ಗೊತ್ತೇ ಆಗಲಿಲ್ಲ. 2020ರ ಸೆಪ್ಟೆಂಬರ್ ಕೊನೆಗೆ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಆ ಬೇತಾಳನ ಚಿತ್ರ ಹಾಕಿದರು. ಚಿತ್ರ ಬರೆದ ಶಂಕರ್ ತೀರಿಕೊಂಡಿದ್ದರು. ಕೆ.ಸಿ. ಶಿವಶಂಕರನ್ ಅವರ ಪೂರ್ತಿ ಹೆಸರು. 1924ರಲ್ಲಿ ಹುಟ್ಟಿದವರು, 1950ರ ದಶಕದಿಂದ ಚಂದಮಾಮಕ್ಕೆ ಚಿತ್ರ ಬರೆದವರು. ಮರುವರ್ಷ ಅವರಿಗೆ ಮರಣೋತ್ತರ ಪದ್ಮಶ್ರೀ ಬಂತು. ಬೇತಾಳನ ಚಿತ್ರ ಬಂದ ದಿನ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವಿನ ಚಿತ್ರ ನಿಂತು ಬರೀ ಪುಸ್ತಕದ ಮಾತು. ಕೊರೊನಾ ಕಾಲ, ಎಲ್ಲರಿಗೂ ಪುರುಸೊತ್ತು. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಚಂದಮಾಮಗಳ ಸ್ಕ್ಯಾನ್ ಸಿಕ್ಕವು. ರಾತ್ರಿ ಊಟ ಆದ ಮೇಲೆ ಕೂತರೆ ಹನ್ನೆರಡು ದಾಟುತ್ತಿತ್ತು.

ಹೊಸದಾಗಿ ತಿಳಿದದ್ದೂ ಇದೆ. ಕತ್ತಿ ಹಿಡಿದು ಕಾಡು ಸುತ್ತುವ ಆ ಉದ್ದುದ್ದ ಧಾರಾವಾಹಿಗಳನ್ನು ತೆಲುಗಿನಲ್ಲಿ ಬರೆಯುತ್ತಿದ್ದವರು ದಾಸರಿ ಸುಬ್ರಹ್ಮಣ್ಯಂ. ಕತೆಯ ಜೊತೆ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ಬಾಲ್ಯವೆಲ್ಲ ಅವರ ಕೈಹಿಡಿದು ನಡೆದು, ಹೆಸರು ಗೊತ್ತಾದದ್ದು ತಲೆ ನರೆತ ಮೇಲೆ. ಸಿಟ್ಟೇ ಬಂತು.

ಆದರೆ ನನ್ನನ್ನು ಅಲ್ಲಾಡಿಸಿದ್ದು ಬೇರೆ. ಸ್ಕ್ಯಾನ್ ತೆರೆದು ಬೇತಾಳನ ಚಿತ್ರ ನೋಡಿದೆ. ಸ್ಮಶಾನ, ಮರ, ತಲೆಬುರುಡೆ, ಹಾವು. ಎಲ್ಲ ಸರಿ. ಆದರೆ ನನ್ನ ತಲೆಯಲ್ಲಿದ್ದ ತ್ರಿವಿಕ್ರಮ ಸ್ಮಶಾನದಲ್ಲಿ ನಡೆಯುತ್ತಲೇ ಇರಲಿಲ್ಲ. ಅವನು ನಡೆಯುತ್ತಿದ್ದದ್ದು ಹಳೆ ಬಾಗಲಕೋಟೆಯಲ್ಲಿ, ಹೊಳೆಗೆ ಇಳಿಯುವ ನಮ್ಮ ಓಣಿಯಲ್ಲಿ. ಎರಡೂ ಕಡೆ ಮಣ್ಣಿನ ಮೇಲ್ಮುದ್ದೆಯ ಮನೆ, ಕಲ್ಲಿನ ಕಟ್ಟೆ, ಲೈಟಿನ ಕಂಬ ಒಂದೇ. ಬೇತಾಳ ಹಾರಿಹೋಗಿ ನೇತಾಡುವ ಮರ ನಮ್ಮ ಓಣಿಯ ತುದಿಯ ಹುಣಸೆಮರ. ಇದನ್ನು ಯಾವ ಚಿತ್ರಕಾರರೂ ಬರೆದಿರಲಿಲ್ಲ. ನಾನೇ ಬರೆದುಕೊಂಡಿದ್ದೆ.

ಆಮೇಲೆ ಒಂದೊಂದೇ ಪುಸ್ತಕ ತೆಗೆದು ನೋಡಿದೆ, ಎಲ್ಲವೂ ಹೀಗೇ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನೇ ತಗೊಳ್ಳಿ. ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯದಿಂದ ಬಂದದ್ದು, ಕುವೆಂಪು ಅದನ್ನು ತುಂಗಾ ತೀರಕ್ಕೆ ತಂದರು. ನಾನು ಯಾರನ್ನೂ ಕೇಳದೇ ನಮ್ಮೂರ ಹೊಳೆ ಘಟಪ್ರಭೆಗೆ ತಂದಿದ್ದೆ. ಇಲಿಗಳು ಹೊರಟದ್ದು ನಮ್ಮ ಪೇಟೆಯ ಅಡತಿ ಅಂಗಡಿಗಳ ಜೋಳದ ಚೀಲದಿಂದ. ಜೋಗಿಯ ಹಿಂದೆ ಮಕ್ಕಳು ಓಡಿದ್ದು ಹೋಳಿ ಬಂಡಿಗಳು ಹೋಗುವ ದಾರಿಯಲ್ಲೇ: ಕಿಲ್ಲಾ, ಹಳಪೇಟೆ, ವೆಂಕಟಪೇಟೆ, ಜೈನಪೇಟೆ, ಹೊಸಪೇಟೆ. ಹೋಳಿಯಲ್ಲಿ ಬಾರಿಸುವ ಹಲಗೆಯ ಸದ್ದೂ ಹಿಂದೆ ಇತ್ತು. ಪದ್ಯದಲ್ಲಿ ಹಲಗೆ ಎಲ್ಲಿಂದ ಬರಬೇಕು! ರಷ್ಯಾದ ಅಜ್ಜಿಯ ಮನೆಯೂ ಅಷ್ಟೆ. ಹೊರಗೆ ಹಿಮ, ಒಳಗೆ ನಮ್ಮ ಪಡಸಾಲೆ.

ಈಗಿನ ವಿದ್ಯಾರ್ಥಿಗಳಿಗೆ ಇದು ಯಾಕೆ ದೊಡ್ಡ ವಿಷಯ ಅನ್ನಿಸಬಹುದು. ನೀವು ನವನಗರದಲ್ಲಿ ಹುಟ್ಟಿದವರು. ವಿಳಾಸ ಕೇಳಿದರೆ ಸೆಕ್ಟರ್ ನಂಬರ್ ಹೇಳುತ್ತೀರಿ. ನಮಗೆ ಓಣಿ ಇತ್ತು. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಲು 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಅದರ ಹಿನ್ನೀರು ಏರಿದರೆ ಘಟಪ್ರಭೆಯ ದಂಡೆಯ ನಮ್ಮೂರಿಗೂ ಬರುತ್ತದೆ ಅನ್ನುವುದು ದೊಡ್ಡವರಿಗೆ ಗೊತ್ತಿತ್ತು. ನಾವು ಶಾಲೆಯಲ್ಲಿದ್ದಾಗ ‘ಊರು ಮುಳಗತೈತಿ’ ಅನ್ನುವುದು ಚಹಾದಂಗಡಿಯ ದಿನದ ಮಾತು. ಎಷ್ಟು ಕೇಳಿದ್ದೆವೆಂದರೆ ಸುಮ್ನೆ ಹೇಳುತ್ತಾರೆ ಅನ್ನಿಸಿಬಿಟ್ಟಿತ್ತು. ಅಣೆಕಟ್ಟಿನಲ್ಲಿ ನೀರು ನಿಲ್ಲುವ ಮಟ್ಟ 519.60 ಮೀಟರ್ ಅನ್ನುವ ಅಂಕಿ ಮಾತ್ರ ನಿಜ ಆಯಿತು. ಹೊಳೆಯ ಕಡೆಯ ಮನೆಗಳು ಖಾಲಿಯಾದವು, ಪರಿಹಾರ ಬಂತು, ಜನ ಬಾಗಿಲು, ತೊಲೆ, ಕಂಬ ಬಿಚ್ಚಿಕೊಂಡು ಗುಡ್ಡದ ಮೇಲಿನ ಹೊಸ ಊರಿಗೆ, ಅಂದರೆ ನಿಮ್ಮ ನವನಗರಕ್ಕೆ ಹೋದರು. ಹಳೆ ಊರು ಪೂರ್ತಿ ಹೋಗಿಲ್ಲ, ಪೇಟೆ ಇದೆ, ಹೋಳಿಯೂ ಜೋರಾಗಿಯೇ ಇದೆ. ನಮ್ಮ ಓಣಿ ಇಲ್ಲ. ಹುಣಸೆಮರವೂ ಇಲ್ಲ.

ಆ ಓಣಿಯ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಆಗ ಫೋಟೋ ಅಂದರೆ ಸ್ಟುಡಿಯೋಕ್ಕೆ ಹೋಗಿ, ಪರದೆಯ ಮುಂದೆ ನಿಂತು ತೆಗೆಸುವುದು. ಓಣಿಯ ಫೋಟೋ ಯಾರು ತೆಗೆಸುತ್ತಾರೆ? ಬೇತಾಳನ ಕತೆ ಓದಿದರೆ ಮಾತ್ರ ಅದು ಕಾಣುತ್ತದೆ, ಯಾವ ಮನೆಯ ಕಟ್ಟೆ ಎಷ್ಟು ಎತ್ತರ ಅನ್ನುವುದು ಸಮೇತ. ಚರಂಡಿ ದಾಟಲು ಹಾಕಿದ ಚಪ್ಪಡಿ ಅಲ್ಲಾಡುತ್ತಿತ್ತು. ರಾಜ ಅದರ ಮೇಲೆ ಕಾಲಿಟ್ಟಾಗ ಈಗಲೂ ಟಕ್ ಅನ್ನುತ್ತದೆ.

ಹೋದ ವರ್ಷ ಹಳೆಯ ವಿದ್ಯಾರ್ಥಿಗಳ ಸಮ್ಮೇಳನಕ್ಕೆ ಬಂದಾಗ ಹೊಸ ಕಟ್ಟಡದ ಲೈಬ್ರರಿ ನೋಡಿದೆ. ಟೈಲ್ಸ್, ಫ್ಯಾನು, ಕಂಪ್ಯೂಟರ್. ಮೂಲೆಯಲ್ಲಿ ನಮ್ಮ ಸುತಳಿ ಕಪಾಟು. ಈಗ ಚಿಲಕ ಕೂರಿಸಿದ್ದಾರೆ, ಸುತಳಿ ಇಲ್ಲ. ಸ್ಥಳಾಂತರದಲ್ಲಿ ಎಷ್ಟೋ ಪುಸ್ತಕ ಹೋಗಿವೆಯಂತೆ. ಮಾಸ್ಕೋ ಪುಸ್ತಕ ಒಂದೂ ಉಳಿದಿಲ್ಲ. ಭಾರತ ಭಾರತಿಯ ಕಟ್ಟು ಇದೆ, ಕೆಲವಕ್ಕೆ ನೀರಿನ ಕಲೆ. ‘ಜಿ. ವಿಜಾಪೂರ’ ಶಿಕ್ಕೆಯನ್ನು ಅಲ್ಲಿದ್ದ ಎಂಟನೇ ತರಗತಿಯ ಹುಡುಗಿಗೆ ತೋರಿಸಿದೆ. ‘ಸರ್, ಇದು ಬ್ಯಾರೆ ಸಾಲಿ ಪುಸ್ತಕ, ತಪ್ಪಿ ಬಂದೈತಿ’ ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಪೆನ್ಸಿಲ್ ಬರಹ ಹುಡುಕಿ 41, 17, 60 ತಿರುಗಿಸಿದೆವು. ಕತ್ತೆ ಹಾಗೇ ಇತ್ತು. ಹುಡುಗಿ ಜೋರಾಗಿ ನಕ್ಕು, ಆ ಪುಸ್ತಕವನ್ನು ತನ್ನ ಹೆಸರಿಗೆ ಬರೆಸಿಕೊಂಡಳು. ಗೆಳತಿಯರಿಗೆ ಹೂಡಲು ಇರಬೇಕು.

ಒಂದು ಪುಸ್ತಕ ಮಾತ್ರ ಎಲ್ಲಿಯೂ ಸಿಕ್ಕಿಲ್ಲ. ಮುಖಪುಟ ಹರಿದಿತ್ತು, ಹಾಗಾಗಿ ಹೆಸರೂ ಗೊತ್ತಿಲ್ಲ, ಬರೆದವರೂ ಗೊತ್ತಿಲ್ಲ. ಕಪ್ಪು ಬಿಳುಪು ಚಿತ್ರ. ಕುರುಬರ ಹುಡುಗ ಒಬ್ಬ, ಅವನ ಟಗರು, ಹೊಳೆ ಬಂದ ರಾತ್ರಿ. ಇಬ್ಬರೂ ಒಂದು ಹಾಳು ಗೋಡೆಯ ಮೇಲೆ ಕೂತು ಬೆಳಗಾಗುವುದನ್ನು ಕಾಯುತ್ತಾರೆ. ಕೊನೆಯ ಪುಟಗಳೂ ಇರಲಿಲ್ಲ. ನನ್ನ ಹಿಂದಿನ ಬೆಂಚಿನವನು ಅದು ಟಗರಲ್ಲ, ಕೋಣ ಅಂತ ಇವತ್ತಿಗೂ ವಾದಿಸುತ್ತಾನೆ. ಕೋಣ ಗೋಡೆ ಹತ್ತುತ್ತದಾ, ನೀವೇ ಹೇಳಿ. ಈ ಕತೆ ಓದಿದವರು ಯಾರಾದರೂ ಇದ್ದರೆ ಸಂಪಾದಕರಿಗೆ ಒಂದು ಚೀಟಿ ಕಳಿಸಿ. ಪುಸ್ತಕದ ಹೆಸರು ಬರೆಯಿರಿ, ಕೊನೆಗೆ ಏನಾಯಿತು ಬರೆಯಿರಿ, ಟಗರೋ ಕೋಣವೋ ಅನ್ನುವುದನ್ನು ಮಾತ್ರ ಮರೆಯಬೇಡಿ. ಐನೂರು ರೂಪಾಯಿ ಪಂತ ಕಟ್ಟಿದ್ದೇನೆ.