20 ಸೆಕೆಂಡಿನ ಸುತ್ತು

ಗೆನ್ಶಿನ್ ಇಂಪ್ಯಾಕ್ಟ್ ಆಡುವವರು ಯಾರಾದರೂ "ನನ್ನ ಹತ್ರ ಒಳ್ಳೆ ಕ್ಯಾರೆಕ್ಟರ್ ಇಲ್ಲ" ಅಂದರೆ ನಾನು ಮೊದಲು ಕೇಳುವುದು ಅವರಲ್ಲಿ ಬೆನೆಟ್ ಎಂಬ ಕ್ಯಾರೆಕ್ಟರ್ ಇದ್ದಾನಾ ಅಂತ. ರಜೆಯ ದಿನ ಅಕ್ಕನ ಮಗಳು ಫೋನ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಾಗಲೂ ಇದನ್ನೇ ಕೇಳಿದೆ.

"ಇದಾನೆ ಚಿಕ್ಕಿ. ಆದ್ರೆ ಅವ್ನು 4 ಸ್ಟಾರ್ ಅಲ್ವಾ, 5 ಸ್ಟಾರ್‌ನಷ್ಟು ಅಪರೂಪ ಅಲ್ವಲ್ಲ?"

ಅವಳು ಗಡಿಯಾರದ ವಿರುದ್ಧ ಹೋರಾಡುವ ಸ್ಪೈರಲ್ ಅಬಿಸ್ ಎಂಬ ಸವಾಲಿನ 12ನೇ ಮಹಡಿಯಲ್ಲಿ ನಿಂತುಬಿಟ್ಟಿದ್ದಳು. ಹೊಸ ಬ್ಯಾನರ್‌ನಲ್ಲಿ, ಅಂದರೆ ಕ್ಯಾರೆಕ್ಟರ್ ಲಾಟರಿಯಲ್ಲಿ, ಬಂದಿದ್ದ 5 ಸ್ಟಾರ್ ಸಿಕ್ಕರೆ ದಾಟಬಹುದು, ಕೂಡಿಟ್ಟ ಪ್ರೈಮೋಜೆಮ್ (ಆಟದೊಳಗಿನ ಹಣ) ಸಾಲದು, ದುಡ್ಡು ಕೊಟ್ಟು ತಗೊಳ್ಳಲಾ ಎಂದು ಕೇಳಲು ಬಂದಿದ್ದಳು. ಒಂದು ಪುಲ್‌ಗೆ, ಅಂದರೆ ಲಾಟರಿ ಒಂದು ಸಲ ಎತ್ತಲು, 160 ಪ್ರೈಮೋಜೆಮ್. 5 ಸ್ಟಾರ್ ಬೀಳುವ ಸಾಧ್ಯತೆ ಶೇ 0.6. 90ನೇ ಪುಲ್‌ಗೆ ಖಾತ್ರಿ ಅಂತಿದ್ದರೂ ಮೊದಲು ಬೀಳುವುದು ಬ್ಯಾನರ್‌ನವಳೇ ಆಗಬೇಕೆಂದಿಲ್ಲ. ಈ ಲೆಕ್ಕ ಅವಳಿಗೂ ಬಾಯಿಪಾಠ. ಹಾಗಾಗಿ ಅದರ ಮಾತು ಬೆಳೆಸದೆ, "ಇರೋರನ್ನೆಲ್ಲ ತೋರಿಸು ಮೊದಲು" ಎಂದೆ.

ತಂಡದಲ್ಲಿ ಡಿಲೂಕ್, ಕೆಚಿಂಗ್, ಶಿಯಾಂಗ್‌ಲಿಂಗ್, ಬೆನೆಟ್ ಇದ್ದರು. ಒಬ್ಬೊಬ್ಬರನ್ನೇ ನೋಡಿದರೆ ಎಲ್ಲರೂ ಗಟ್ಟಿಗರು. ಆದರೆ ಡಿಲೂಕ್‌ಗೂ ಕೆಚಿಂಗ್‌ಗೂ ತಾವೇ ಮೈದಾನದಲ್ಲಿ ನಿಂತು ಕತ್ತಿ ಬೀಸಬೇಕು, ಒಬ್ಬರು ಹೊಡೆಯುವಾಗ ಇನ್ನೊಬ್ಬರು ಹಿಂದೆ ಸುಮ್ಮನೆ ಕೂತಿರುತ್ತಾರೆ. ಮೇಲಾಗಿ ಡಿಲೂಕ್‌ನ ಬೆಂಕಿಗೆ ಕೆಚಿಂಗ್‌ಳ ಮಿಂಚು ತಗುಲಿದರೆ ಓವರ್‌ಲೋಡೆಡ್ ಎಂಬ ಸ್ಫೋಟವಾಗಿ ಸಣ್ಣ ಶತ್ರುಗಳು ದೂರಕ್ಕೆ ಹಾರುತ್ತವೆ. ಅವುಗಳ ಹಿಂದೆ ಓಡುವುದರಲ್ಲೇ ಹೊತ್ತು ಹೋಗುತ್ತದೆ.

12ನೇ ಮಹಡಿಯಲ್ಲಿ ನಮಗಿಲ್ಲದಿರುವುದೇ ಹೊತ್ತು. ಒಂದು ಕೋಣೆಗೆ ಗೆಲುವಿನ ಮೂರೂ ಸ್ಟಾರ್ ಬೇಕಾದರೆ ಅದರ ಎರಡೂ ಭಾಗ ಸೇರಿ 3 ನಿಮಿಷದೊಳಗೆ ಮುಗಿಯಬೇಕು. ಭಾಗಕ್ಕೊಂದು ತಂಡ, ಒಂದರಲ್ಲಿ ಇದ್ದವರು ಇನ್ನೊಂದರಲ್ಲಿ ಇರುವಂತಿಲ್ಲ. ತಂಡವೊಂದಕ್ಕೆ ಸಿಗುವುದು ಹೆಚ್ಚುಕಡಿಮೆ ಒಂದೂವರೆ ನಿಮಿಷ. ನನ್ನ ಮಟ್ಟಿಗೆ ಈ ಆಟದ ಅತ್ಯಂತ ಚೆಂದದ ಭಾಗ ಇದು. ಇಲ್ಲಿ ಗೆಲ್ಲಿಸುವುದು ಯಾರಿದ್ದಾರೆ ಅನ್ನುವುದಕ್ಕಿಂತ ಯಾರ ಹಿಂದೆ ಯಾರು ಬರುತ್ತಾರೆ ಅನ್ನುವುದು.

ಡಿಲೂಕ್, ಕೆಚಿಂಗ್ ಇಬ್ಬರನ್ನೂ ತೆಗೆಸಿ ಶಿಂಗ್‌ಚಿಯು, ಸುಕ್ರೋಸ್‌ರನ್ನು ಹಾಕಿಸಿದೆ. ಅವಳ ಮುಖ ಸಪ್ಪಗಾಯಿತು. "ಒಬ್ರೂ 5 ಸ್ಟಾರ್ ಇಲ್ವಲ್ಲ ಚಿಕ್ಕಿ!"

ಇದು ನಾನು ಕಂಡುಹಿಡಿದ ತಂಡವಲ್ಲ. ಆಟ ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅಂದಿನಿಂದಲೂ ಬೆನೆಟ್, ಶಿಯಾಂಗ್‌ಲಿಂಗ್, ಶಿಂಗ್‌ಚಿಯು ಮೂವರ ಈ ಜೋಡಣೆ 'ನ್ಯಾಷನಲ್ ಟೀಮ್' ಎಂಬ ಹೆಸರಲ್ಲಿ ಆಟಗಾರರ ಕೈಯಲ್ಲಿ ಪಳಗಿದೆ. ಶಿಯಾಂಗ್‌ಲಿಂಗ್ ಅಂತೂ ಅಬಿಸ್‌ನ 3ನೇ ಮಹಡಿ ಮುಗಿಸಿದವರಿಗೆಲ್ಲ ಪುಕ್ಕಟೆ ಸಿಗುತ್ತಾಳೆ.

ನೋಟ್‌ಬುಕ್ ತೆಗೆದು ಒಬ್ಬೊಬ್ಬರ ಕೆಲಸ ಬರೆಯಲು ಹೇಳಿದೆ. ಶಿಂಗ್‌ಚಿಯು ತನ್ನ ಬರ್ಸ್ಟ್ (ಎನರ್ಜಿ ತುಂಬಿದಾಗ ಮಾತ್ರ ಹಾಕಬಹುದಾದ ದೊಡ್ಡ ದಾಳಿ) ಹಾಕಿ ಹಿಂದೆ ಸರಿಯುತ್ತಾನೆ. ಆಮೇಲೆ 15 ಸೆಕೆಂಡ್, ಮೈದಾನದಲ್ಲಿ ಇರುವವರು ಯಾರೇ ನಾರ್ಮಲ್ ಅಟ್ಯಾಕ್ ಮಾಡಿದರೂ ಅವನ ಮಳೆಯ ಕತ್ತಿಗಳು ಜೊತೆಗೆ ಬೀಳುತ್ತವೆ, ಶತ್ರು ಒದ್ದೆಯಾಗಿಯೇ ಇರುತ್ತದೆ. ಒದ್ದೆಯಾದದ್ದಕ್ಕೆ ಶಿಯಾಂಗ್‌ಲಿಂಗ್‌ಳ ಬರ್ಸ್ಟ್ ಆದ ಬೆಂಕಿಯ ಪೈರೊನಾಡೊ ಬಡಿದರೆ ವೇಪೊರೈಸ್ ಎಂಬ ರಿಯಾಕ್ಷನ್, ಆ ಏಟು ಒಂದೂವರೆ ಪಟ್ಟು. ನೀರು ಮತ್ತು ಬೆಂಕಿಯ ಕ್ರಮ ತಿರುಗಿಸಿದರೆ ಪಟ್ಟು ಎರಡಾಗುತ್ತದೆ. ಆದರೆ ಇಲ್ಲಿ ದೊಡ್ಡ ಏಟು ಬೆಂಕಿಯದು, ಆದ್ದರಿಂದ ಒಂದೂವರೆಯೇ ನಮಗೆ ಲಾಭ. ಬೆಂಕಿಯ ಆ ಚಕ್ರ ಸುತ್ತಿದಾಗಲೆಲ್ಲ ರಿಯಾಕ್ಷನ್‌ಗೆ ಅವಕಾಶವಿದೆ, ನಡುವೆ ಬಿಡುವು ಬೇಕಿಲ್ಲ. ಇಂಥ ಗುಣ ಆಟದಲ್ಲಿ ಬಹಳ ಮಂದಿಗೆ ಇಲ್ಲ.

ಸುಕ್ರೋಸ್ ಗಾಳಿಯವಳು. ವಿರಿಡೆಸೆಂಟ್ ವೆನರರ್ ಎಂಬ ಸೆಟ್‌ನ ನಾಲ್ಕು ಆರ್ಟಿಫ್ಯಾಕ್ಟ್ (ಬಲ ಏರಿಸುವ ತೊಡುಗೆ) ತೊಡಿಸಿದರೆ, ಅವಳು ಬೆಂಕಿಯನ್ನು ಹರಡಿದ ಮೇಲೆ 10 ಸೆಕೆಂಡ್ ಶತ್ರುವಿನ ಬೆಂಕಿ ತಡೆಯುವ ಶಕ್ತಿ ಶೇ 40ರಷ್ಟು ಇಳಿಯುತ್ತದೆ. ರಿಯಾಕ್ಷನ್‌ಗಳ ಏಟು ಏರಿಸುವ ತನ್ನ ಎಲಿಮೆಂಟಲ್ ಮಾಸ್ಟರಿಯಲ್ಲೂ ಒಂದು ಪಾಲನ್ನು ಉಳಿದವರಿಗೆ ಹಂಚುತ್ತಾಳೆ. ಅವಳ ಸ್ವಂತ ಏಟಿನ ಸಂಖ್ಯೆ ನೋಡಿದವರು ಅವಳನ್ನು ಮೂಲೆಗೆ ತಳ್ಳುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ.

ಬೆನೆಟ್ ವಿಷಯದಲ್ಲಿ ಅಕ್ಕನ ಮಗಳಿಗೆ ನಿಜಕ್ಕೂ ಆಶ್ಚರ್ಯವಾಯಿತು. ಅವನ ಆರ್ಟಿಫ್ಯಾಕ್ಟ್‌ಗಳೆಲ್ಲ ಅಟ್ಯಾಕ್‌ನವು. ಅವನ ಬರ್ಸ್ಟ್ ನೆಲದಲ್ಲಿ ಹಾಕುವ ವೃತ್ತದೊಳಗೆ ನಿಂತವರಿಗೆ ಏರುವ ಅಟ್ಯಾಕ್ ಲೆಕ್ಕ ಹಾಕುವುದು ಅವನ ಮೂಲ ಅಟ್ಯಾಕ್‌ನಿಂದ, ಅಂದರೆ ಅವನ ಮತ್ತು ಅವನ ಕತ್ತಿಯ ಮೂಲ ಸಂಖ್ಯೆಯಿಂದ ಮಾತ್ರ. ಆರ್ಟಿಫ್ಯಾಕ್ಟ್‌ನ ಅಟ್ಯಾಕ್ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲ ಬಿಚ್ಚಿಸಿ ಎನರ್ಜಿ ರೀಚಾರ್ಜ್ (ಎನರ್ಜಿ ಬೇಗ ತುಂಬಿಸುವ ಗುಣ) ಮತ್ತು ಹೆಚ್‌ಪಿ (ಪ್ರಾಣಬಲ) ಏರಿಸುವವನ್ನು ಹಾಕಿಸಿದೆವು. ಕತ್ತಿಯನ್ನು ಮಾತ್ರ ಮೂಲ ಅಟ್ಯಾಕ್ ನೋಡಿ ಆರಿಸಿದೆವು.

ಇಷ್ಟಾದರೂ ನಾಲ್ವರೂ ಸರದಿಯಲ್ಲಿ ಬಂದುಹೋಗುವ ಮೊದಲ ಸುತ್ತು ಅಮೋಘ, ಎರಡನೆಯದು ಪೂರ್ತಿ ಸಪ್ಪೆ. ಆಡುವುದನ್ನು ನಿಲ್ಲಿಸಲು ಹೇಳಿದೆ.

"ಈಗ ಶಿಯಾಂಗ್‌ಲಿಂಗ್ ಬರ್ಸ್ಟ್ ತುಂಬಿದ್ಯಾ ನೋಡು."

"ಇಲ್ಲ ಚಿಕ್ಕಿ... ಅರ್ಧಾನೂ ಆಗಿಲ್ಲ."

ಬಹುಪಾಲು ತಂಡಗಳು ಸೋಲುವುದು ಇಲ್ಲಿಯೇ, ಏಟಿನ ಸಂಖ್ಯೆಯಲ್ಲಿ ಇದು ಕಾಣುವುದಿಲ್ಲ. ಶಿಯಾಂಗ್‌ಲಿಂಗ್, ಶಿಂಗ್‌ಚಿಯು ಇಬ್ಬರ ಬರ್ಸ್ಟ್‌ಗೂ 80 ಎನರ್ಜಿ, ಇಬ್ಬರ ಕೂಲ್‌ಡೌನ್ (ಮತ್ತೆ ಹಾಕುವ ಮುನ್ನ ಕಾಯಬೇಕಾದ ಹೊತ್ತು) 20 ಸೆಕೆಂಡ್. ಹಾಗಾಗಿ ತಂಡದ ಒಂದು ಸುತ್ತು 20 ಸೆಕೆಂಡ್. ಒಂದೂವರೆ ನಿಮಿಷದಲ್ಲಿ ನಾಲ್ಕೂವರೆ ಸುತ್ತು. ಸುತ್ತು ಬಿಟ್ಟು ಸುತ್ತು ಪೈರೊನಾಡೊ ತಪ್ಪಿದರೆ ತಂಡದ ಅರ್ಧ ಬಲವೇ ಹೋದಂತೆ.

ಸ್ಕಿಲ್ (ಬರ್ಸ್ಟ್‌ಗಿಂತ ಚಿಕ್ಕ ವಿಶೇಷ ದಾಳಿ) ತಾಗಿದಾಗ ಎನರ್ಜಿಯ ಕಣಗಳು ಹೊರಬೀಳುತ್ತವೆ. ಬೆಂಕಿಯ ಒಂದು ಕಣ ಬೆಂಕಿಯ ಕ್ಯಾರೆಕ್ಟರ್‌ಗೆ ಮೈದಾನದಲ್ಲಿ ಇರುವಾಗ ಸಿಕ್ಕರೆ 3 ಎನರ್ಜಿ. ನಾಲ್ವರ ತಂಡದಲ್ಲಿ ಹಿಂದೆ ಕೂತಿರುವಾಗ ಸಿಕ್ಕರೆ ಅದರ ಶೇ 60, ಅಂದರೆ 1.8. ಬೇರೆ ಎಲಿಮೆಂಟ್‌ನ ಕಣವಾದರೆ ಮೈದಾನದಲ್ಲಿ ಇದ್ದರೂ 1 ಮಾತ್ರ. ಅವಳು ಬೆನೆಟ್‌ನ ಸ್ಕಿಲ್ ಹೊಡೆದು ಕಣಗಳನ್ನು ಅವನಿಗೇ ಕುಡಿಸಿ ಆಮೇಲೆ ಬದಲಿಸುತ್ತಿದ್ದಳು. ಸ್ಕಿಲ್ ತಾಗಿದ ಕೂಡಲೇ, ಕಣ ಇನ್ನೂ ಗಾಳಿಯಲ್ಲಿ ಇರುವಾಗಲೇ ಶಿಯಾಂಗ್‌ಲಿಂಗ್‌ಗೆ ಬದಲಿಸು ಎಂದೆ. ಬೆರಳು ಒಗ್ಗಲು ಸ್ವಲ್ಪ ಹೊತ್ತು ಹಿಡಿಯಿತು. ಶಿಯಾಂಗ್‌ಲಿಂಗ್‌ಳ ಅಟ್ಯಾಕ್ ಸ್ಯಾಂಡ್ಸ್ (ಒಂದು ಬಗೆಯ ಆರ್ಟಿಫ್ಯಾಕ್ಟ್) ಬಿಚ್ಚಿ ಎನರ್ಜಿ ರೀಚಾರ್ಜ್‌ನದು ಹಾಕಿದೆವು, ಕೈಗೆ ಎನರ್ಜಿಗೆ ನೆರವಾಗುವ ಫೆವೋನಿಯಸ್ ಲ್ಯಾನ್ಸ್ ಎಂಬ ಈಟಿ ಕೊಟ್ಟೆವು. ಒಂದು ಏಟಿನ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಅವಳು ನನ್ನ ಮುಖ ನೋಡಿದಳು. "ಗಡಿಯಾರ ನೋಡು, ಸಂಖ್ಯೆ ಬೇಡ" ಎಂದೆ.

ಕೊನೆಗೆ ನೋಟ್‌ಬುಕ್‌ನಲ್ಲಿ ಉಳಿದ ಕ್ರಮ ಇದು. ಶಿಂಗ್‌ಚಿಯು ಬರ್ಸ್ಟ್, ಬೆನೆಟ್ ಬರ್ಸ್ಟ್, ಸುಕ್ರೋಸ್ ಸ್ಕಿಲ್, ಶಿಯಾಂಗ್‌ಲಿಂಗ್ ಬರ್ಸ್ಟ್ ಮತ್ತು ಸ್ಕಿಲ್, ಆಮೇಲೆ ಸುಕ್ರೋಸ್‌ಳ ನಾರ್ಮಲ್ ಅಟ್ಯಾಕ್. ನಡುನಡುವೆ ಬೆನೆಟ್ ಸ್ಕಿಲ್ ಹೊಡೆದು ಶಿಯಾಂಗ್‌ಲಿಂಗ್ ಕಣ ಹಿಡಿಯುವುದು. ಬೆನೆಟ್‌ನ ವೃತ್ತದೊಳಗೆ ನಿಂತು ಪೈರೊನಾಡೊ ಬಿಟ್ಟರೆ ಆ ಕ್ಷಣದ ಅಟ್ಯಾಕ್ ಅದರಲ್ಲಿ ಕೊನೆಯವರೆಗೂ ಅಚ್ಚಾಗಿ ಉಳಿಯುತ್ತದೆ, ವೃತ್ತದಿಂದ ಹೊರಗೆ ಬಂದರೂ ಕಡಿಮೆಯಾಗುವುದಿಲ್ಲ. ಅದಕ್ಕೇ ಬೆನೆಟ್ ಶಿಯಾಂಗ್‌ಲಿಂಗ್‌ಗಿಂತ ಮೊದಲು ಬರಲೇಬೇಕು.

ಸಂಜೆಯ ಹೊತ್ತಿಗೆ ಮೊದಲ ಭಾಗ ಒಂದು ನಿಮಿಷ ದಾಟದೆ ಮುಗಿಯತೊಡಗಿತು. ಎರಡನೇ ಸುತ್ತಿನಲ್ಲಿ ನಾಲ್ವರ ಬರ್ಸ್ಟ್ ಐಕಾನ್‌ಗಳೂ ಹೊಳೆಯುತ್ತಿದ್ದುದನ್ನು ಕಂಡು ಅವಳು ಕೂಗಿದ್ದು ಒಳಕೋಣೆಯವರೆಗೂ ಕೇಳಿಸಿ, ಏನಾಯಿತೆಂದು ಅಕ್ಕ ಓಡಿಬಂದಳು.

ಎರಡನೇ ಭಾಗದ ತಂಡವನ್ನು ಅವಳೇ ಕಟ್ಟಿದಳು. ನಾನು ಬಾಯಿ ಹಾಕಲಿಲ್ಲ. ಡೆಂಡ್ರೊ (ಸಸ್ಯಶಕ್ತಿಯ) ಟ್ರಾವೆಲರ್, ಕೊಲೈ, ಬಾರ್ಬರಾ, ಕುಕಿ ಶಿನೋಬು. ಸಸ್ಯಕ್ಕೆ ನೀರು ತಾಗಿದರೆ ಬ್ಲೂಮ್ ಬೀಜ, ಬೀಜಕ್ಕೆ ಮಿಂಚು ತಾಗಿದರೆ ಹೈಪರ್‌ಬ್ಲೂಮ್. ಬಾರ್ಬರಾ ಮೈದಾನದಲ್ಲಿ ನಿಂತು ನೀರು ಹೊಡೆಯುತ್ತಾಳೆ, ಕುಕಿಯ ಮಿಂಚಿನ ಬಳೆ ಅವಳ ಸುತ್ತ ತಿರುಗುತ್ತ ಬೀಜಗಳನ್ನು ಸಿಡಿಸುತ್ತದೆ. "ಚಿಕ್ಕಿ, ಇದ್ರಲ್ಲಿ ಏಟು ಕುಕಿದೇ ಲೆಕ್ಕ ಅಲ್ವಾ? ಹಾಗಾದ್ರೆ ಕುಕಿಗೆ ಎಲ್ಲಾ ಮಾಸ್ಟರಿ, ಲೆವೆಲ್ಲೂ ಅವಳ್ದೇ ಏರಿಸ್ಬೇಕು" ಎಂದು ತಾನೇ ಹೇಳಿದಳು. ಹೈಪರ್‌ಬ್ಲೂಮ್‌ನ ಏಟು ನಿಲ್ಲುವುದು ಬೀಜಕ್ಕೆ ಮಿಂಚು ತಾಗಿಸಿದವರ ಲೆವೆಲ್ ಮತ್ತು ಮಾಸ್ಟರಿಯ ಮೇಲೆ. ಅದನ್ನು ಅವಳು ನೋಟ್‌ಬುಕ್ ನೋಡದೆಯೇ ಹೇಳಿದ್ದಳು.

ಆ ದಿನ ಮೂರನೇ ಕೋಣೆಯಲ್ಲಿ ಎರಡೇ ಸ್ಟಾರ್ ಬಂತು. ಕಳೆದುಹೋದ ಸೆಕೆಂಡ್‌ಗಳು ಎರಡನೇ ಭಾಗದವೇ ಎಂದು ಇಬ್ಬರಿಗೂ ಗೊತ್ತಿತ್ತು. ಕುಕಿ ಆಗ 70ನೇ ಲೆವೆಲ್‌ನಲ್ಲಿ ಇದ್ದಳು. ಮರುದಿನದಿಂದ ಅಕ್ಕನ ಮಗಳ ರೆಸಿನ್ (ಆಟದಲ್ಲಿ ಸಾಮಗ್ರಿ ಗಳಿಸಲು ಖರ್ಚಾಗುವ ಶಕ್ತಿ) ಎಲ್ಲ ಕುಕಿಯನ್ನು 90ಕ್ಕೆ ಏರಿಸುವುದಕ್ಕೇ ಹೋಗತೊಡಗಿತು.