ಹಿಮ ಬೀಳದ ಊರಲ್ಲಿ ಹಿಮದ ಕವಿತೆ ಯಾಕೆ?

"ವಿಜಯಪುರದ ಬಿಸಿಲಾಗ ಕುಂತು ಜಪಾನಿನ ಹಿಮದ ಕವಿತೆ ಓದ್ತೀರಲ್ರಿ, ಒಮ್ಮೆರೆ ಹಿಮ ನೋಡೀರೇನ್ರಿ?" ನಾನು ಹಾಯ್ಕು, ಅಂದರೆ ಜಪಾನಿನ ಪುಟ್ಟ ಪುಟ್ಟ ಕವಿತೆ ಓದುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು. ಇಲ್ಲ, ನೋಡಿಲ್ಲ. ಆದರೆ ನನಗೆ ತುಂಬಾ ಇಷ್ಟವಾದ ಹಿಮದ ಹಾಯ್ಕು ಬರೆದ ಕವಿಗೂ ಆ ಹೊತ್ತು ಎದ್ದು ಹೋಗಿ ಹಿಮ ನೋಡಲು ಆಗಿರಲಿಲ್ಲ.

ಆತ ಮಸಾವೊಕಾ ಶಿಕಿ. ಹುಟ್ಟಿದ್ದು 1867, ತೀರಿಕೊಂಡಿದ್ದು 1902. ಬೆನ್ನುಮೂಳೆಯ ಕ್ಷಯ ಹಿಡಿದು 1896ರಲ್ಲಿ ಟೋಕಿಯೋದ ಮನೆಯಲ್ಲಿ ಮಲಗಿದ್ದ. ಹೊರಗೆ ಹಿಮ. ಆಗ ಬರೆದ ಹಾಯ್ಕುವಿನಲ್ಲಿರುವುದು ಇಷ್ಟೇ: ಹಿಮ ಎಷ್ಟು ಆಳ ಬಿದ್ದಿದೆ ಅಂತ ಮತ್ತೆ ಮತ್ತೆ ಕೇಳಿದೆ. ಯಾರನ್ನು ಕೇಳಿದ, ಅವರೇನು ಹೇಳಿದರು, ಒಂದೂ ಇಲ್ಲ. ಕಾಯಿಲೆಯ ಮಾತೂ ಇಲ್ಲ. ಉತ್ತರ ಬರುವಷ್ಟರಲ್ಲಿ ಹಿಮ ಇನ್ನಷ್ಟು ಬಿದ್ದಿರುತ್ತದೆ, ಅಲ್ವಾ? ಅದಕ್ಕೇ ಮತ್ತೆ ಕೇಳಬೇಕು. ಅದೇ ದಿನಗಳ ಇನ್ನೊಂದು ಹಾಯ್ಕುವಿನಲ್ಲಿ ಕಾಗದದ ಬಾಗಿಲಿನ ತೂತಿನಿಂದ ಹಿಮ ಬೀಳುವುದನ್ನು ನೋಡುತ್ತಾನೆ. ಅಷ್ಟೇ ಅವನಿಗೆ ಸಿಕ್ಕಿದ್ದು.

ಶಿಕಿಗಿಂತ ಹಿಂದಿನ ಹಾಯ್ಕು ಕವಿ ಇಸ್ಸಾನದು ಬೇರೆ ಥರ. ಊರೂರು ತಿರುಗಿ ಐವತ್ತರ ಹೊತ್ತಿಗೆ ಹುಟ್ಟೂರಿಗೆ ಮರಳಿದವನು. ಕೊನೆಗೆ ನಾನಿರಬೇಕಾದ ಮನೆ ಇದೇನಾ, ಐದು ಅಡಿ ಹಿಮ ಅನ್ನುತ್ತಾನೆ. ಬೇಸರವೋ ಸಮಾಧಾನವೋ, ನನಗೆ ಎರಡೂ ಕೇಳಿಸುತ್ತದೆ.

ಕನ್ನಡಕ್ಕೆ ತರಲು ಕೂತರೆ ಮೊದಲ ಪದಕ್ಕೇ ಕೈ ನಿಲ್ಲುತ್ತದೆ. ಜಪಾನಿಯಲ್ಲಿ 'ಯುಕಿ', ಮಕ್ಕಳೂ ಆಡುವ ಮಾತು. ನಮ್ಮಲ್ಲಿ 'ಮಂಜು' ಅಂದರೆ ಬೆಳಿಗ್ಗೆ ದಾರಿ ಮುಚ್ಚುವ ಮಂಜೇ ನೆನಪಾಗುತ್ತದೆ. 'ಹಿಮ' ಅಂದರೆ ಹಿಮಾಲಯ, ಶಿವ ಎದ್ದು ಬರುತ್ತಾರೆ. ಆದರೂ ನಾನು 'ಹಿಮ'ವನ್ನೇ ಇಟ್ಟುಕೊಂಡಿದ್ದೇನೆ. ಎರಡೇ ಅಕ್ಷರ, ಮೆತ್ತಗಿದೆ. ಹಾಯ್ಕುವಿನ ಐದು-ಏಳು-ಐದು ಅಕ್ಷರದ ಲೆಕ್ಕ ಮಾತ್ರ ಬಿಟ್ಟಿದ್ದೇನೆ. ಅದು ಜಪಾನಿ ನಾಲಿಗೆಯ ಲೆಕ್ಕ. ಕನ್ನಡದಲ್ಲಿ ಹಿಡಿದರೆ ಸುಮ್ನೆ ಪದ ತುರುಕಬೇಕಾಗುತ್ತದೆ.

ಇನ್ನು ಹಿಮ ಬಿದ್ದಾಗಿನ ಆ ಮೌನ. ಹೊಸದಾಗಿ ಬಿದ್ದ ಹಿಮದ ಹರಳುಗಳ ನಡುವೆ ಗಾಳಿ ಜಾಸ್ತಿ, ಅದು ಸದ್ದು ಹೀರಿಕೊಳ್ಳುತ್ತದೆ. ಅರಳೆ ತುಂಬಿದ ಕೋಣೆಯಲ್ಲಿ ಮಾತಾಡಿ ನೋಡಿ, ದನಿ ಅಲ್ಲೇ ಅಡಗುತ್ತದೆ. ಒಂದು ಚಪ್ಪಾಳೆಯನ್ನು ಮತ್ತೆ ಮತ್ತೆ ತಿರುಗಿಸಿ ಕೊಡುವ ಗೋಳಗುಮ್ಮಟದ ಊರಿನವನು ನಾನು. ಸದ್ದು ಮರಳಿ ಬಾರದ ಜಾಗ ಹೇಗಿರಬಹುದು ಅನ್ನುವುದು ಈ ಕವಿತೆ ಓದುವಾಗ ನನ್ನ ಮೈಗೇ ತಿಳಿಯುತ್ತದೆ. ಅಷ್ಟು ಕಡಿಮೆ ಮಾತು. ಒಂದು ಸಾಲು ಮುಗಿದ ಮೇಲೆ ಏನೂ ಓದಲು ಮನಸ್ಸಾಗುವುದಿಲ್ಲ.

ಶಿಕಿಯ ಕವಿತೆ ನನ್ನನ್ನು ಹಿಡಿದಿದ್ದಕ್ಕೆ ಕಾರಣ ನಮ್ಮ ಆಯಿ. ಕೊನೆಯ ಎರಡು ವರ್ಷ ಪಡಸಾಲೆಯ ಹೊರಸಿನ ಮೇಲೇ ಇದ್ದಳು. ಹಿಂಗಾರಿ ಜೋಳ ಮಳೆ ನಿಂತ ಮೇಲೆ ಎರೆಮಣ್ಣಿನ ಹಸಿಯಲ್ಲೇ ಬೆಳೆಯುತ್ತದೆ. ಥಂಡಿ ಬಿಟ್ಟು ಇಬ್ಬನಿ ಬಿದ್ದರೆ ಆಯಿಗೆ ಸಮಾಧಾನ. ಎಳ್ಳ ಅಮಾವಾಸ್ಯೆಯ ಆಚೀಚೆ ದಿನಾ ಬೆಳಿಗ್ಗೆ ಕೇಳುತ್ತಿದ್ದಳು, "ತಮ್ಮಾ, ಜ್ವಾಳದ ಮ್ಯಾಲ ಇಬ್ಬನಿ ಎಷ್ಟ ಬಿದ್ದೈತಿ?" ಬಾಳ ಬಿದ್ದೈತಿ ಆಯಿ ಅನ್ನುತ್ತಿದ್ದೆ. ಚಹಾ ಕುಡಿದು ಮತ್ತೆ ಅದೇ ಕೇಳುತ್ತಿದ್ದಳು. ಒಂದು ದಿನ ಹೊಲಕ್ಕೆ ಹೋಗಿ ಜೋಳದ ಗರಿಗಳ ಮೇಲೆ ಅಂಗೈ ಎಳೆದುಕೊಂಡು, ಒರೆಸದೆ ಹಾಗೇ ಓಡಿ ಬಂದು ಅವಳ ಕೈಯಲ್ಲಿಟ್ಟೆ. ದಾರಿಯಲ್ಲೇ ಅರ್ಧ ಆರಿತ್ತು. ಬೆರಳ ಸಂದಿಯಲ್ಲಿ ಉಳಿದಿದ್ದನ್ನು ಆಯಿ ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.