ಹೆಂಡತಿಯನ್ನು ಬಿಡದ ನಟ

ಡಿಸೆಂಬರ್ ಬಂತೆಂದರೆ ಜರ್ಮನಿಯ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಒಂದು ಹಳೇ ಕಪ್ಪುಬಿಳುಪು ಸಿನಿಮಾ ತೋರಿಸುತ್ತಾರೆ. ಹೆಸರು ‘ಡೀ ಫಾಯರ್‌ಸಾಂಗನ್‌ಬೋಲೆ’. ಸಕ್ಕರೆ ಗಟ್ಟಿಯ ಮೇಲೆ ರಮ್ ಸುರಿದು ಬೆಂಕಿ ಹಚ್ಚುತ್ತಾರೆ. ಅದು ಕರಗಿ ಕೆಳಗಿನ ಬಿಸಿ ವೈನ್‌ಗೆ ತೊಟ್ಟಿಕ್ಕುತ್ತದೆ. ಚಳಿಗಾಲದ ಆ ಪಾನೀಯದ ಹೆಸರೇ ಸಿನಿಮಾಕ್ಕೂ ಬಂದಿದೆ. ಹುಡುಗ ಹುಡುಗಿಯರು ಅಲಾರಾಂ ಗಡಿಯಾರ, ಟಾರ್ಚು, ಸುರುಸುರು ಬತ್ತಿ ಹಿಡಿದುಕೊಂಡು ಬರುತ್ತಾರೆ. ಪರದೆಯ ಮೇಲೆ ಅಲಾರಾಂ ಹೊಡೆದರೆ ಹಾಲ್ ತುಂಬಾ ಅಲಾರಾಂ ಹೊಡೆದುಕೊಳ್ಳುತ್ತವೆ. ಸಂಭಾಷಣೆ ಎಲ್ಲರಿಗೂ ಬಾಯಿಪಾಠ.

ಬರ್ಲಿನ್‌ನಲ್ಲಿ ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನನ್ನನ್ನೂ ನನ್ನ ಹೆಂಡತಿಯನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಕಥೆ ಸರಳ. ಮನೆಯಲ್ಲೇ ಪಾಠ ಕಲಿತು ದೊಡ್ಡವನಾದ ಲೇಖಕನೊಬ್ಬ, ಸ್ಕೂಲಿನ ತರಲೆಗಳನ್ನು ಅನುಭವಿಸಲೇಬೇಕೆಂದು ವಿದ್ಯಾರ್ಥಿಯ ವೇಷ ಹಾಕಿ ಹೈಸ್ಕೂಲಿಗೆ ಸೇರುತ್ತಾನೆ. ಆ ಪಾತ್ರ ಮಾಡಿದ ಹೈನ್ಸ್ ರೂಮಾನ್‌ಗೆ ಆಗ ನಲವತ್ತು ದಾಟಿತ್ತು. ನೋಡುವಾಗ ಅದು ಗೊತ್ತೇ ಆಗುವುದಿಲ್ಲ. ಪುಟ್ಟ ಆಳು, ತುಂಟ ಕಣ್ಣು. ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸಿನಿಮಾ ಬಿಡುಗಡೆಯಾದದ್ದು 1944ರ ಜನವರಿಯಲ್ಲಿ. ಆಗ ಬರ್ಲಿನ್ ಮೇಲೆ ಬಾಂಬು ಬೀಳುತ್ತಿತ್ತು. ಮೇಷ್ಟ್ರುಗಳನ್ನು ಗೇಲಿ ಮಾಡಿದೆ ಎಂದು ಶಿಕ್ಷಣ ಮಂತ್ರಿ ಅಡ್ಡ ಬಂದಾಗ, ರೂಮಾನ್ ರೀಲುಗಳನ್ನು ಪೂರ್ವ ಪ್ರಷ್ಯದಲ್ಲಿದ್ದ ಹಿಟ್ಲರನ ಯುದ್ಧ ಶಿಬಿರಕ್ಕೇ ಒಯ್ದು ಅನುಮತಿ ತಂದರು. ತರಗತಿಯಲ್ಲಿ ಕೂತ ಹುಡುಗರ ಪೈಕಿ ಕೆಲವರು ಶೂಟಿಂಗ್ ಮುಗಿಸಿ ನೇರ ಯುದ್ಧಕ್ಕೆ ಹೋದರು, ವಾಪಸ್ ಬರಲಿಲ್ಲ ಎಂದು ಹೇಳುತ್ತಾರೆ.

ಹೊರಗೆ ಬಂದು ಟ್ರಾಮ್‌ಗೆ ಕಾಯುವಾಗ ಹಿರಿಯರು ಅಂದರು, “ಈತನ ಮೊದಲ ಹೆಂಡತಿ ಯಹೂದಿ. 1938ರಲ್ಲಿ ಡೈವೋರ್ಸ್ ಆಯಿತು. ಬಿಡದೇ ಇದ್ದ ಇನ್ನೊಬ್ಬ ನಟ ಇದ್ದ. ನಾಳೆ ಬೆಳಿಗ್ಗೆ ಬಿಡುವಿದ್ದರೆ ಬನ್ನಿ, ಅವನ ಸಮಾಧಿ ತೋರಿಸುತ್ತೇನೆ.”

ಮರುದಿನ ರೈಲು, ಆಮೇಲೆ ಬಸ್ಸು ಹಿಡಿದು ಸ್ಟಾನ್ಸ್‌ಡಾರ್ಫ್‌ಗೆ ಹೋದೆವು. ಬರ್ಲಿನ್‌ನ ನೈಋತ್ಯ ಅಂಚಿನಲ್ಲಿ, ಇನ್ನೂರು ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿರುವ ಸ್ಮಶಾನ ಅದು. 1909ರಲ್ಲಿ ಶುರುವಾಯಿತು. ಒಳಗೆ ಹೋದರೆ ಕಾಡಿಗೆ ಬಂದ ಹಾಗೆಯೇ ಇರುತ್ತದೆ. ಪೈನ್ ಮರಗಳು, ನಾರ್ವೆ ಶೈಲಿಯ ಮರದ ಚರ್ಚು. ಹಿಂದೆ ವಾನ್ಸೀಯಿಂದ ಇಲ್ಲಿಗೇ ಅಂತ ಒಂದು ರೈಲು ಓಡುತ್ತಿತ್ತು. 1961ರಲ್ಲಿ ಬರ್ಲಿನ್ ಗೋಡೆ ಎದ್ದ ಮೇಲೆ ನಿಂತೇಹೋಯಿತು. ಪಶ್ಚಿಮ ಬರ್ಲಿನ್‌ನವರು ತಮ್ಮ ಹಿರಿಯರ ಸಮಾಧಿಗೆ ಹೂವಿಡಲೂ ಸುಲಭಕ್ಕೆ ಬರಲಾಗುತ್ತಿರಲಿಲ್ಲ. ಮೂಕಿ ಚಿತ್ರಗಳ ದೊಡ್ಡ ನಿರ್ದೇಶಕ ಮುರ್ನೌ ಕೂಡ ಇಲ್ಲೇ ಇದ್ದಾರೆ. ನಾವು ಹುಡುಕಿಕೊಂಡು ಹೋದದ್ದು ಯೋಆಖಿಮ್ ಗಾಟ್‌ಶಾಲ್ಕ್ ಎಂಬ ನಟನನ್ನು.

ಗಾಟ್‌ಶಾಲ್ಕ್ ಹುಟ್ಟಿದ್ದು 1904ರಲ್ಲಿ. ಹರೆಯದಲ್ಲಿ ಹಡಗಿನಲ್ಲಿ ಕೆಲಸ, ಆಮೇಲೆ ನಾಟಕ. ಅಲ್ಲೇ ನಟಿ ಮೇಟಾ ವೋಲ್ಫ್ ಅವರ ಪರಿಚಯ, ಮದುವೆ. ಮೇಟಾ ಯಹೂದಿ. ನಾಜಿಗಳು ಅಧಿಕಾರ ಹಿಡಿದ 1933ರಲ್ಲೇ ಮಗ ಮಿಖಾಯೆಲ್ ಹುಟ್ಟಿದ. ಮೇಟಾ ಮತ್ತೆ ರಂಗಕ್ಕೆ ಹತ್ತುವ ಹಾಗಿರಲಿಲ್ಲ. ಗಂಡನಿಗೆ ಮಾತ್ರ 1938ರಲ್ಲಿ ಸಿನಿಮಾ ಸಿಕ್ಕಿತು. ಬ್ರಿಗಿಟೆ ಹೋರ್ನೈ ಜೊತೆಗಿನ ಜೋಡಿ ಹಿಟ್ ಆಯಿತು. ಹೆಂಗಸರು ಮೆಚ್ಚುವ ಶಾಂತ ಮುಖದ ಹೀರೊ ಆದ. 1941ರಲ್ಲಿ ಬಂದ ಒಂದು ಚಿತ್ರದಲ್ಲಿ ಮಕ್ಕಳ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪಾತ್ರ ಮಾಡಿದ.

ಯಹೂದಿ ಗಂಡನೋ ಹೆಂಡತಿಯೋ ಇದ್ದ ಕಲಾವಿದರಿಗೆ ಕೆಲಸ ಮಾಡಲು ವಿಶೇಷ ಅನುಮತಿ ಬೇಕಿತ್ತು. ಪ್ರಚಾರ ಮಂತ್ರಿ ಗೊಬೆಲ್ಸ್ ಮನಸ್ಸು ಮಾಡಿದರೆ ಉಂಟು, ಇಲ್ಲವಾದರೆ ಇಲ್ಲ. ಒಂದು ಪಾರ್ಟಿಗೆ ಗಾಟ್‌ಶಾಲ್ಕ್ ಮೇಟಾರನ್ನು ಕರೆದುಕೊಂಡು ಹೋಗಿ ಅಲ್ಲಿದ್ದ ನಾಜಿ ದೊಡ್ಡವರಿಗೆ ಪರಿಚಯ ಮಾಡಿಸಿದರು, ಅಲ್ಲಿಂದಲೇ ಎಲ್ಲ ಕೆಟ್ಟಿತು ಎನ್ನುತ್ತಾರೆ. ಹೆಂಡತಿಯನ್ನು ಬಿಡು ಎಂಬ ಒತ್ತಡ ಬಂತು. ಆತ ಒಪ್ಪಲಿಲ್ಲ. ಅವಕಾಶಗಳು ನಿಂತವು. 1941ರ ಅಕ್ಟೋಬರ್ 18ರಂದು ಬರ್ಲಿನ್‌ನ ಯಹೂದಿಗಳನ್ನು ಸಾಗಿಸುವ ಮೊದಲ ರೈಲು ಗ್ರೂನೆವಾಲ್ಡ್ ನಿಲ್ದಾಣದಿಂದ ಹೊರಟಿತು. ಗಾಟ್‌ಶಾಲ್ಕ್ ಮನೆ ಇದ್ದದ್ದೂ ಗ್ರೂನೆವಾಲ್ಡ್ ಬಡಾವಣೆಯಲ್ಲೇ. ನವೆಂಬರ್ 6ರಂದು ಮೂವರೂ ಮನೆಯಲ್ಲೇ ಪ್ರಾಣ ಬಿಟ್ಟರು.

“ರೀ, ಆ ಹುಡುಗನಿಗೆ ಎಂಟೇ ವರ್ಷ” ಎಂದಳು ನನ್ನ ಹೆಂಡತಿ. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ತಂದೆ ತಾಯಿ ತಮ್ಮ ಮಟ್ಟಿಗೆ ಏನನ್ನಾದರೂ ನಿರ್ಧರಿಸಬಹುದು, ಮಗುವಿನ ಬದಲು ಹೇಗೆ ನಿರ್ಧರಿಸುವುದು? ಇದನ್ನು ಅವಳು ಬಸ್ಸಿನಲ್ಲಿ ಕೇಳಿದಳು. ನನ್ನಲ್ಲೂ ಹಿರಿಯರಲ್ಲೂ ಉತ್ತರ ಇರಲಿಲ್ಲ. ಬಿಟ್ಟಿದ್ದರೆ ಮೇಟಾ ಮತ್ತು ಮಗನ ಗತಿ ಏನಾಗುತ್ತಿತ್ತು ಎಂಬುದು ಈಗ ನಮಗೆ ಗೊತ್ತು. ಅವರಿಗೂ ಒಳಗೊಳಗೇ ಗೊತ್ತಿದ್ದಿರಬೇಕು.

ಪತ್ರಿಕೆಗಳು ಸುದ್ದಿ ಬರೆಯುವ ಹಾಗಿರಲಿಲ್ಲ. ಅಂತ್ಯಕ್ರಿಯೆಗೆ ಹೋಗಬೇಡಿ ಎಂದು ಕಲಾವಿದರಿಗೆ ಹೇಳಿದ್ದರು. ಆದರೂ ಬ್ರಿಗಿಟೆ ಹೋರ್ನೈ ಬಂದರು. ಗುಸ್ಟಾಫ್ ಕ್ನೂಟ್ ಬಂದರು. ಇನ್ನೂ ಕೆಲವರು ಬಂದರು. ನಾವು ನಿಂತಿದ್ದ ಇದೇ ಮಣ್ಣಿನ ಮೇಲೆ ಅವರೂ ನಿಂತಿದ್ದರು ಎಂದುಕೊಂಡಾಗ ನನಗೆ ಮೈ ಜುಮ್ಮೆಂದಿತು. ಯುದ್ಧ ಮುಗಿದ ಮೇಲೆ ಹೋರ್ನೈ ಅಮೆರಿಕಕ್ಕೂ ಹೋಗಿ ನೆಲೆಸಿದರು. ಕೊನೆಗಾಲದಲ್ಲಿ, 1980ರ ದಶಕದಲ್ಲಿ, ಜರ್ಮನ್ ಟಿವಿ ಧಾರಾವಾಹಿಗಳಲ್ಲಿ ಅಜ್ಜಿಯಾಗಿ ಮನೆಮಾತಾದರು. ನೋಡಿದವರಲ್ಲಿ ಎಷ್ಟು ಜನರಿಗೆ ಈ ಅಜ್ಜಿ ಅಂದು ಎಲ್ಲಿಗೆ ಹೋಗಿದ್ದರು ಎಂದು ಗೊತ್ತಿತ್ತೋ.

ಚಳಿ ಜಾಸ್ತಿಯಾಗಿತ್ತು. ನಡೆಯುತ್ತಾ ಮಾತಾಡಿದೆವು. ಇಂಥದೇ ಇಕ್ಕಟ್ಟಿಗೆ ಸಿಕ್ಕ ಉಳಿದವರ ಬಗ್ಗೆ ಹಿರಿಯರು ಹೇಳಲು ಶುರು ಮಾಡಿದರು. ಒಂದು ಹೆಸರು ಬಂದಾಗ ನಾನೇ ಬಾಯಿ ಹಾಕಿದೆ. ಕಾನ್ರಾಡ್ ಫೈಟ್!

ಮೈಸೂರು ಕಡೆಯವರಿಗೆ ಈ ನಟ ಬೇರೊಂದು ದಾರಿಯಲ್ಲಿ ಪರಿಚಯ. ನಮ್ಮ ಕಾರಾಪುರದ ಮಾವುತನ ಮಗ ಸಾಬು ಗೊತ್ತಲ್ಲ? ಮೈಸೂರಿನ ಆನೆ ಲಾಯದಿಂದ ಹಾಲಿವುಡ್‌ಗೆ ಹೋದ ಹುಡುಗ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ಅವನಿಗೆ ಎದುರಾಗುವ ಮಾಂತ್ರಿಕ ಮಂತ್ರಿ ಜಾಫರ್ ಅಂದರೆ ಈ ಕಾನ್ರಾಡ್. ಹುಡುಗನನ್ನು ನಾಯಿ ಮಾಡಿಬಿಡುತ್ತಾನೆ. ಕೊನೆಗೆ ಸಾಬು ಬಿಟ್ಟ ಬಾಣ ತಗುಲಿ ಸಾಯುತ್ತಾನೆ. ಆ ಕಣ್ಣುಗಳನ್ನು ಒಮ್ಮೆ ನೋಡಿದರೆ ಮರೆಯುವುದು ಕಷ್ಟ. ಸಾಬು ಚಿತ್ರಗಳನ್ನು ಹುಡುಕಿ ನೋಡುವಾಗಲೇ ನಾನು ಈ ಜರ್ಮನ್ ನಟನ ಕಥೆ ಓದಿದ್ದೆ.

ಕಾನ್ರಾಡ್ 1933ರಲ್ಲಿ ಲಿಲಿ ಎಂಬ ಯಹೂದಿ ಮಹಿಳೆಯನ್ನು ಮದುವೆಯಾದರು. ಸಿನಿಮಾದವರೆಲ್ಲ ತಮ್ಮ ಜನಾಂಗ ಯಾವುದು ಎಂದು ಒಂದು ಫಾರಂ ತುಂಬಬೇಕಿತ್ತು. ಇವರು ಯಹೂದಿ ಅಲ್ಲ. ಆದರೂ ಆ ಜಾಗದಲ್ಲಿ ‘ಯಹೂದಿ’ ಎಂದೇ ಬರೆದರು. ದೇಶದ ಅತಿ ದೊಡ್ಡ ತಾರೆಗಳಲ್ಲಿ ಒಬ್ಬರು, ಒಂದು ಪದ ಬರೆದು ಎಲ್ಲವನ್ನೂ ಬಿಟ್ಟು ಇಂಗ್ಲೆಂಡ್‌ಗೆ ಹೊರಟುಹೋದರು. ಆಮೇಲೆ ಅಮೆರಿಕ. ಅಲ್ಲಿ ಅವರಿಗೆ ಹೆಚ್ಚಾಗಿ ಸಿಕ್ಕಿದ್ದು ನಾಜಿ ಪಾತ್ರಗಳು. 1942ರ ‘ಕಾಸಾಬ್ಲಾಂಕಾ’ದ ಮೇಜರ್ ಸ್ಟ್ರಾಸರ್ ಅವರೇ. ನಾಜಿಗಳಿಂದ ತಪ್ಪಿಸಿಕೊಂಡು ಬಂದ ನಟರೇ ಹಾಲಿವುಡ್‌ನಲ್ಲಿ ನಾಜಿ ಸಮವಸ್ತ್ರ ತೊಡಬೇಕಾಯಿತು. ಅವರ ಇಂಗ್ಲಿಷ್ ಉಚ್ಚಾರಕ್ಕೆ ಸಿಗುತ್ತಿದ್ದ ಕೆಲಸ ಹೆಚ್ಚಾಗಿ ಅದೇ ಆಗಿತ್ತು. 1943ರ ಏಪ್ರಿಲ್‌ನಲ್ಲಿ, ಇನ್ನೂ ಐವತ್ತರ ವಯಸ್ಸಿನಲ್ಲಿ, ಗಾಲ್ಫ್ ಆಡುವಾಗ ಹೃದಯ ನಿಂತು ಅವರು ಹೋಗಿಬಿಟ್ಟರು. ಯುದ್ಧದ ಕೊನೆ ನೋಡಲಿಲ್ಲ. ನಮ್ಮ ಸಾಬು ಅಮೆರಿಕದ ವಾಯುಪಡೆ ಸೇರಿ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಹೋರಾಡಿದ್ದು ಅದಾದ ಮೇಲೆ.

ಹಾನ್ಸ್ ಆಲ್ಬರ್ಸ್ ಕಥೆ ಇನ್ನೊಂದು ಬಗೆ. ‘ಬ್ಲೂ ಏಂಜೆಲ್’ನಲ್ಲಿ ಮಾರ್ಲೀನ್ ಡೀಟ್ರಿಚ್ ಜೊತೆ ಮಾಡಿದವರು, ಮುಂದೆ ನಾಜಿ ಕಾಲದ ಅತಿ ದುಬಾರಿ ಹೀರೊಗಳಲ್ಲಿ ಒಬ್ಬರಾದರು. ಅವರ ಸಂಗಾತಿ ಹಾನ್ಸಿ ಬುರ್ಗ್ ಯಹೂದಿ ನಟರೊಬ್ಬರ ಮಗಳು. ಮೇಲ್ನೋಟಕ್ಕೆ ಬೇರೆಯಾದರು. ಆದರೆ ಸ್ಟಾರ್ನ್‌ಬರ್ಗ್ ಕೆರೆ ದಡದ ಮನೆಯಲ್ಲಿ ಒಟ್ಟಿಗೇ ಇದ್ದರು. ಯುದ್ಧಕ್ಕೆ ಮುಂಚೆ ಹಾನ್ಸಿ ದೇಶ ಬಿಟ್ಟರು. ಅವರ ತಂದೆ ನಾಜಿಗಳ ಸೆರೆಶಿಬಿರ ಥೆರೇಸಿಯನ್‌ಸ್ಟಾಟ್‌ನಲ್ಲಿ 1944ರಲ್ಲಿ ತೀರಿಕೊಂಡರು. 1946ರಲ್ಲಿ ಬ್ರಿಟಿಷ್ ಸಮವಸ್ತ್ರ ತೊಟ್ಟು ಹಾನ್ಸಿ ಅದೇ ಮನೆ ಬಾಗಿಲಿಗೆ ವಾಪಸ್ ಬಂದರು. 1960ರಲ್ಲಿ ಆಲ್ಬರ್ಸ್ ಸಾಯುವ ತನಕ ಜೊತೆಗಿದ್ದರು.

ಗಂಡನನ್ನು ಬಿಡದ ಒಬ್ಬ ಹೆಣ್ಣುಮಗಳೂ ಇದ್ದರು. ಹೆನ್ನಿ ಪೋರ್ಟನ್. ಮೂಕಿ ಕಾಲದಲ್ಲಿ ಜರ್ಮನಿಯ ಮೊದಲ ದೊಡ್ಡ ತಾರೆ. ಗಂಡ ಡಾಕ್ಟರ್, ಯಹೂದಿ ಮೂಲದವರು. ಡೈವೋರ್ಸ್‌ಗೆ ಒಪ್ಪದ ಕಾರಣ ಅವಕಾಶಗಳು ಬತ್ತುತ್ತಾ ಬಂದವು. ಇಬ್ಬರೂ ಬದುಕುಳಿದರು. ಯುದ್ಧ ಮುಗಿದ ಮೇಲೆ ಇಂಥವರನ್ನು ಕೈಹಿಡಿದು ಕರೆಯಬೇಕಿತ್ತು ಅಲ್ವಾ? ಪಶ್ಚಿಮ ಜರ್ಮನಿಯಲ್ಲಿ ಕೆಲಸವೇ ಇಲ್ಲದಂತಾಯಿತು. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಸರ್ಕಾರಿ ಸ್ಟುಡಿಯೊ ಡೇಫಾ ಕರೆದಾಗ ಹೋದರು. ಅದಕ್ಕೂ ಪಶ್ಚಿಮದವರು ಬೈದರು. ಇದನ್ನು ಕೇಳಿದಾಗ ನನಗೆ ಬಂದಷ್ಟು ಸಿಟ್ಟು ಬೇರೆ ಯಾವುದಕ್ಕೂ ಬರಲಿಲ್ಲ.

ಇನ್ನು ರೂಮಾನ್. ಅವರ ಮೊದಲ ಹೆಂಡತಿ ಮರಿಯಾ ಬರ್ನ್‌ಹೈಮ್ ಡೈವೋರ್ಸ್ ಆದ ಮೇಲೆ ಬರ್ಲಿನ್‌ನಲ್ಲಿದ್ದ ಒಬ್ಬ ಸ್ವೀಡನ್ ನಟನನ್ನು ಮದುವೆಯಾದರು. ಆ ಮದುವೆಯ ಬಲದಿಂದಲೇ 1943ರಲ್ಲಿ ಸ್ಟಾಕ್‌ಹೋಮ್ ಸೇರಿ ಬದುಕಿದರು. ರೂಮಾನ್ 1939ರಲ್ಲಿ ಹೆರ್ಥಾ ಫೈಲರ್ ಎಂಬ ನಟಿಯನ್ನು ಮದುವೆಯಾದರು. ಆಕೆಯ ಅಜ್ಜ ಒಬ್ಬರು ಯಹೂದಿ.

“ನೋಡಿ, ಮರಿಯಾ ಬದುಕಿದರು, ಮೇಟಾ ಬದುಕಲಿಲ್ಲ” ಎಂದರು ಹಿರಿಯರು. “ಹಾಗಾದರೆ ಯಾರು ಸರಿ?” ಅವರು ಚುಚ್ಚಲು ಕೇಳಿದ್ದಲ್ಲ. ಎಷ್ಟೋ ವರ್ಷದಿಂದ ಅವರನ್ನೇ ಕಾಡಿದ ಪ್ರಶ್ನೆ ಅದು.

ನಾನು ಹೇಳಿದ್ದು ಇಷ್ಟು. ಆ ಪ್ರಶ್ನೆ ನಟರಿಗೆ ಹಾಕುವಂಥದ್ದಲ್ಲ. ಒಂದು ಸಂಸಾರದೊಳಗೆ ಕತ್ತಿ ತಂದಿಟ್ಟವರು ಬೇರೆಯೇ ಇದ್ದಾರೆ. ರೂಮಾನ್ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಬೇಜಾರು ಪ್ರೇಕ್ಷಕರ ಮೇಲೆ. 1956ರಲ್ಲಿ ‘ಕ್ಯಾಪ್ಟನ್ ಆಫ್ ಕೋಪೆನಿಕ್’ ಚಿತ್ರದಿಂದ ರೂಮಾನ್ ಮತ್ತೆ ದೇಶದ ಮುದ್ದಿನ ನಟರಾದರು. 1994ರಲ್ಲಿ 92ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಪ್ರೀತಿ ಕಡಿಮೆಯಾಗಲಿಲ್ಲ. ಜನ ಪ್ರೀತಿ ಕೊಡಲಿ, ತಪ್ಪಿಲ್ಲ. ಆದರೆ ಆ ಪ್ರೀತಿಯಲ್ಲಿ ಒಂದು ಪಾಲು ಗಾಟ್‌ಶಾಲ್ಕ್‌ಗೆ ಯಾಕೆ ಸಿಗಲಿಲ್ಲ? ಅವರೂ ಅದೇ ಸ್ಟುಡಿಯೊಗಳಲ್ಲಿ ದುಡಿದವರು, ಅದೇ ಜನ ಟಿಕೆಟ್ ಕೊಂಡು ನೋಡಿದವರು.

ಹಿರಿಯರು ಇನ್ನೊಂದು ವಿಷಯ ನೆನಪಿಸಿದರು. 1965ರಲ್ಲಿ ರೂಮಾನ್ ‘ಶಿಪ್ ಆಫ್ ಫೂಲ್ಸ್’ ಎಂಬ ಹಾಲಿವುಡ್ ಚಿತ್ರದಲ್ಲಿ ಮಾಡಿದರು. ಕಥೆ ನಡೆಯುವುದು 1933ರಲ್ಲಿ, ಜರ್ಮನಿಗೆ ಹೊರಟ ಹಡಗಿನಲ್ಲಿ. ರೂಮಾನ್‌ದು ಲೋವೆಂತಾಲ್ ಎಂಬ ಯಹೂದಿ ವ್ಯಾಪಾರಿಯ ಪಾತ್ರ. ದೇಶದಲ್ಲಿ ತನಗೇನೂ ಕೆಟ್ಟದ್ದಾಗದು ಎಂದು ನಂಬಿರುವ, ಎಲ್ಲರ ಜೊತೆ ನಗುನಗುತ್ತಾ ಇರುವ ಮನುಷ್ಯ. ಅದನ್ನು ನಾನು ಆಮೇಲೆ ನೋಡಿದೆ. ಅದೇ ತುಂಟ ಕಣ್ಣು. ಒಂದು ಸಲವೂ ನಗು ಬರಲಿಲ್ಲ. ರೂಮಾನ್ ಮಾಡಿದ ಪಾತ್ರಗಳಲ್ಲಿ ನನಗೆ ಅದೇ ಅತಿ ದೊಡ್ಡದು.

ಸಂಜೆ ಹಿರಿಯರ ಮನೆಯಲ್ಲಿ ಕಾಫಿ ಕುಡಿದು ‘ಎಹೆ ಇಮ್ ಶಾಟನ್’ ನೋಡಿದೆವು. ಗಾಟ್‌ಶಾಲ್ಕ್ ದಂಪತಿಯ ಬದುಕನ್ನೇ ಆಧರಿಸಿ 1947ರಲ್ಲಿ ಡೇಫಾ ಮಾಡಿದ ಚಿತ್ರ. ನಿರ್ದೇಶಕ ಕುರ್ಟ್ ಮೆಟ್ಸಿಗ್ ಅವರ ತಾಯಿ ಯಹೂದಿ. ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಕೈಗೆ ಸಿಗಬಾರದೆಂದು 1944ರಲ್ಲಿ ಪ್ರಾಣ ತೆಗೆದುಕೊಂಡವರು. ಚಿತ್ರ ಅಕ್ಟೋಬರ್ 3ರಂದು, ಯುದ್ಧ ಗೆದ್ದ ದೇಶಗಳು ಹಂಚಿಕೊಂಡಿದ್ದ ಬರ್ಲಿನ್‌ನ ನಾಲ್ಕೂ ವಲಯಗಳಲ್ಲಿ ಒಟ್ಟಿಗೆ ತೆರೆ ಕಂಡಿತು. ಒಂದು ಕೋಟಿಗೂ ಹೆಚ್ಚು ಜನ ನೋಡಿದರು. ಯಹೂದಿ ದ್ವೇಷದ ‘ಯೂದ್ ಸ್ಯೂಸ್’ ಚಿತ್ರ ಮಾಡಿದ್ದ ಫೈಟ್ ಹಾರ್ಲಾನ್ ಹ್ಯಾಂಬರ್ಗ್ ಪ್ರದರ್ಶನಕ್ಕೆ ಬಂದಾಗ ಅವರನ್ನು ಹೊರಗೆ ಕಳಿಸಿದರು.

ಸಿನಿಮಾ ಮುಗಿದ ಮೇಲೆ ಹಿರಿಯರು ಹೇಳಿದ ಮಾತು ನನ್ನನ್ನು ಬೆಚ್ಚಿಬೀಳಿಸಿತು. ಗಂಡನ ಪಾತ್ರ ಮಾಡಿದ ಪೌಲ್ ಕ್ಲಿಂಗರ್ 1943ರಲ್ಲಿ ಅದೇ ಹಾರ್ಲಾನ್ ನಿರ್ದೇಶಿಸಿದ ‘ಇಮೆನ್ಸೇ’ಯಲ್ಲಿ ನಟಿಸಿದ್ದರು. ಸಂಗೀತ ಕೊಟ್ಟ ವೋಲ್ಫ್‌ಗಾಂಗ್ ಟ್ಸೆಲರ್ ‘ಯೂದ್ ಸ್ಯೂಸ್’ಗೂ ಸಂಗೀತ ಕೊಟ್ಟವರು.

“ಬರ್ಲಿನ್‌ನಲ್ಲಿ ಆಗ ಬೇರೆ ಯಾರಿದ್ದರು?” ಎಂದರು ಅವರು. ನಾನು ಒಪ್ಪಲಿಲ್ಲ. ಹೊರಗೆ ಹೋದವರು ಇದ್ದರಲ್ಲ! ಪೀಟರ್ ಲೊರೆ ಇರಲಿಲ್ಲವೇ? 1931ರಲ್ಲಿ ‘ಎಂ’ ಚಿತ್ರದ ಕೊಲೆಗಾರನಾಗಿ ಲೋಕಕ್ಕೆಲ್ಲ ಗೊತ್ತಾದವರು. ಯಹೂದಿ ಆದ್ದರಿಂದ 1933ರಲ್ಲಿ ಓಡಬೇಕಾಯಿತು. ಅಮೆರಿಕದಲ್ಲಿ ಪಾತ್ರಗಳಿಗೆ ಕೊರತೆ ಇರಲಿಲ್ಲ. ಆದರೂ ಯುದ್ಧದ ನಂತರ ವಾಪಸ್ ಬಂದರು. 1951ರಲ್ಲಿ ತಾವೇ ನಿರ್ದೇಶಿಸಿ ನಟಿಸಿ ‘ಡೆರ್ ಫೆರ್ಲೋರೆನೆ’ ಮಾಡಿದರು. ನಾಜಿ ಕಾಲದಲ್ಲಿ ಕೊಲೆ ಮಾಡಿ, ಸರ್ಕಾರವೇ ಅದನ್ನು ಮುಚ್ಚಿಹಾಕಿದ ಮೇಲೆ ತನ್ನ ತಪ್ಪಿನ ಭಾರ ಹೊತ್ತು ತಿರುಗುವ ಒಬ್ಬ ವಿಜ್ಞಾನಿಯ ಕಥೆ. ಜನ ಬರಲಿಲ್ಲ. ಚಿತ್ರ ಸೋತಿತು. ಲೊರೆ ಮತ್ತೆ ಅಮೆರಿಕದ ಹಡಗು ಹತ್ತಿದರು. ಸಾಯುವ ತನಕ, 1964ರವರೆಗೂ, ಮತ್ತೊಂದು ಚಿತ್ರ ನಿರ್ದೇಶಿಸಲಿಲ್ಲ.